ಹಾಲೆಲ್ಲಾ ಬಂತು, ಹೆಪ್ಪು ಬರಲಿಲ್ಲ

ಹೋದ ಸಲ ಗುಳಂಬದ ಬಗ್ಗೆ ಬರದಿದ್ದೆ. ಈ ಸಲ ಅಡಗಿ ಮನಿ ಬಿಟ್ಟು ಕಂಪ್ಯೂಟರಿನ ಹಳೇ ಕಥಿ ಹೇಳತೀನಿ. "ಇಕಿಗೇನು ಗೊತ್ತು ಕಂಪ್ಯೂಟರು" ಅಂತ ನಗಬ್ಯಾಡ್ರಿ. ಪಿಯುಸಿ ಮುಗಿಸಿ ಪುಸ್ತಕ ಮುಚ್ಚಿಟ್ಟಾಕಿ ನಾನು, ಖರೆ. ಆದ್ರ ನಮ್ಮ ಅತ್ತಿಯವರ ದನಿ ಕೈಬಿಟ್ಟು ಹೋಗೋ ಹಂಗಾದಾಗ ಓದಲೇಬೇಕಾತು.

ನಮ್ಮ ಅತ್ತಿಯವರು ಬೀಸೋಕಲ್ಲಿನ ಹಾಡು, ಆರತಿ ಹಾಡು, ತೊಟ್ಟಿಲ ಹಾಡು ಎಷ್ಟು ಹಾಡತಿದ್ರು ಅನ್ನೋದು ನಿಮ್ಮಲ್ಲಿ ಭಾಳ ಮಂದಿಗೆ ಗೊತ್ತದ. 2009ರಾಗ ಒಂದು ಸಣ್ಣ ರೆಕಾರ್ಡರ್ ತಗೊಂಡು, ಅವರು ಅಕ್ಕಿ ಆರಿಸ್ತಾ ಕೂತಾಗ ನಲವತ್ತೊಂದು ಹಾಡು ಹಿಡಿದಿಟ್ಟಿದ್ದೆ. ಅವರು ಹೋಗಿ ಹತ್ತು ವರ್ಷದ ಮ್ಯಾಲಾತು. ಆ ಹಾಡು ಇದ್ದದ್ದು ಮನಿ ಕಂಪ್ಯೂಟರಿನ್ಯಾಗ. ಅದರ ಪೂರ್ತಿ ಬ್ಯಾಕಪ್ಪು ಒಂದು ಹೊರಗಿನ ಡಿಸ್ಕಿನ್ಯಾಗ ಇತ್ತು. ಆ ಬ್ಯಾಕಪ್ಪು ನಾನ ತಗೊಂಡಿದ್ದೆ.

ಹೋದ ಶ್ರಾವಣದಾಗ ಕಂಪ್ಯೂಟರ್ ಒಳಗಿಂದ ಟಕ್ ಟಕ್ ಸಪ್ಪಳ ಬರಲಿಕ್ಕೆ ಹತ್ತಿತು. ನಾಕ ದಿನಕ್ಕ ಹಾರ್ಡ್ ಡಿಸ್ಕ್ ಸತ್ತೇ ಹೋತು. "ಹೋಗಲಿ, ಬ್ಯಾಕಪ್ ಅದ" ಅಂತ ಧೈರ್ಯ. ಅಂಗಡಿಗೆ ಹೋಗಿ ಹೊಸ ಎಸ್‌ಎಸ್‌ಡಿ ಹಾಕಿಸಿ, ಅದಕ್ಕ ಬ್ಯಾಕಪ್ ಇಳಿಸಿದ್ವಿ. ಎರಡು ತಾಸು ಹಿಡೀತು. "ಯಶಸ್ವಿ" ಅಂತ ತೋರಿಸಿತು. ಚಾಲೂ ಮಾಡಿದ್ರ ಕರೀ ಪರದೆ ಮ್ಯಾಲೆ ಒಂದು ಬಿಳೀ ಸಾಲು: ಏಳಿಸಲಿಕ್ಕೆ ಬರೋ ಡಿಸ್ಕು ಯಾವದೂ ಸಿಗಲಿಲ್ಲ.

ಅಂಗಡಿ ಹುಡುಗ, "ಆಂಟಿ, ನಿಮ್ಮ ಬ್ಯಾಕಪ್ಪೇ ಕೆಟ್ಟದ. ಫಾರ್ಮ್ಯಾಟ್ ಹೊಡದು ಹೊಸ ವಿಂಡೋಸ್ ಹಾಕಿಕೊಡತೀನಿ. ಆ ಹೊರಗಿನ ಡಿಸ್ಕನ್ನೂ ಕೊಡ್ರಿ, ಖಾಲಿ ಮಾಡಿ ಕೊಡತೀನಿ" ಅಂದ. ನನ್ನ ಕೈ ತಣ್ಣಗಾದ್ವು. "ಬ್ಯಾಡಪ್ಪಾ, ಹಂಗ ಕೊಟ್ಟಬಿಡು" ಅಂತ ಎರಡೂ ತಗೊಂಡು ಮನಿಗೆ ಬಂದೆ.

ರಾತ್ರಿ ಪುಣೆದಾಗಿರೋ ನಮ್ಮಕ್ಕನ ಮಗಳಿಗೆ ಫೋನ್ ಹಚ್ಚಿದೆ. ಅಕಿ ಮೊದಲ ಕೇಳಿದ್ದು, "ಮಾವಶಿ, ಬ್ಯಾಕಪ್ ತಗೋಬೇಕಾದ್ರ ಸಣ್ಣ ಪಾರ್ಟಿಶನ್‌ಗೋಳಿಗೂ ಟಿಕ್ ಹಾಕಿದ್ಯೇನು?"

ನಾನು ಹಾಕಿರಲಿಲ್ಲ. ಪಟ್ಟಿಯೊಳಗ ದೊಡ್ಡದೊಂದು ಸಿ ಡ್ರೈವ್ ಇತ್ತು. ಅದರ ಜೋಡಿ 100 ಎಂಬಿದೊಂದು ಚೂರು, ಹೆಸರಿಲ್ಲದ್ದು. ಇದ್ಯಾತಕ್ಕ ಸುಮ್ಮನ ಜಾಗಾ ತಿನ್ನಬೇಕು ಅಂತ ಬಿಟ್ಟಿದ್ದೆ. ಅಕಿ ನಕ್ಕು, "ಹಾಲೆಲ್ಲಾ ತಂದೀ, ಹೆಪ್ಪು ಹಳೇ ಮನ್ಯಾಗ ಬಿಟ್ಟು ಬಂದೀ" ಅಂದ್ಲು.

ಆ ಹೆಪ್ಪು ಅಂದ್ರೇನು, ಅದು ಬ್ಯಾರೆ ಜಾಗಾದಾಗ ಯಾಕ ಇರಬೇಕು ಅಂತ ನನಗ ತಲ್ಯಾಗ ಕೂತುಬಿಡ್ತು. ಒಂದು ತಿಂಗಳು ಓದಿದೆ, ಅಕಿಗೆ ಕೇಳಿದೆ. ಕಥಿ ಎಪ್ಪತ್ತು ವರ್ಷದ್ದು.

ಕಂಪ್ಯೂಟರಿಗೆ ಒಂದು ವಿಚಿತ್ರ ತೊಡಕು ಅದ. ಡಿಸ್ಕಿನಿಂದ ಏನರ ಓದಬೇಕಾದ್ರ ಅದಕ್ಕ "ಹಿಂಗ ಓದು" ಅನ್ನೋ ಪ್ರೋಗ್ರಾಂ ಬೇಕು. ಆ ಪ್ರೋಗ್ರಾಂ ಇರೋದು ಡಿಸ್ಕಿನ್ಯಾಗ! ಪೆಟಗಿ ಕೀಲಿ ಪೆಟಗಿ ಒಳಗ ಇಟ್ಟಂಗ. 1952ರಾಗ ಅಮೆರಿಕಾದ ಐಬಿಎಂ ಕಂಪನಿ 701 ಅನ್ನೋ ದೊಡ್ಡ ಯಂತ್ರ ಹೊರಗ ತಂತು. ಅದಕ್ಕ ಒಂದು ಲೋಡ್ ಬಟನ್ ಇಟ್ಟಿದ್ರು. ಅದನ್ನ ಒತ್ತಿದ್ರ ರಂಧ್ರದ ಕಾರ್ಡಿನಿಂದಾನೋ ಟೇಪಿನಿಂದಾನೋ ಮೊದಲನೇ ಒಂದು ಚೂರು ಮಾತ್ರ ಒಳಗ ಬರತಿತ್ತು. ಆ ಚೂರು ಮುಂದಿನ ಚೂರು ಕರೀತಿತ್ತು. ಅದು ಮತ್ತೊಂದು. ಹಿಂಗ ಪೂರ್ತಿ ಪ್ರೋಗ್ರಾಂ ಬರತಿತ್ತು. ಬೂಟಿನ ಹಿಂದಿನ ಪಟ್ಟಿ ಹಿಡಕೊಂಡು ತನ್ನನ್ನ ತಾನ ಮ್ಯಾಲೆ ಎತ್ತಿಕೊಳ್ಳೋದು ಅಂತ ಅವರ ಕಡೆ ಒಂದು ಮಾತದ. ಆ ಬೂಟ್‌ಸ್ಟ್ರ್ಯಾಪ್ ಅನ್ನೋ ಮಾತು ಸವದು ಸವದು ಈಗ ನಾವೆಲ್ಲಾ ಅನ್ನೋ "ಬೂಟ್" ಆಗ್ಯದ. ನಾವಾಗಿದ್ರ ತನ್ನ ಜುಟ್ಟ ತಾನ ಹಿಡಕೊಂಡು ಏಳೋದು ಅಂತಿದ್ವಿ.

1965ರಾಗ ಡಿಇಸಿ ಅನ್ನೋ ಕಂಪನಿಯ ಪಿಡಿಪಿ-8 ಬಂತು. ಅದರ ಮುಖದ ಮ್ಯಾಲೆ ಸಾಲಾಗಿ ಸ್ವಿಚ್ ಇದ್ವು. ಏಳಿಸೋ ಪ್ರೋಗ್ರಾಂ ಒಳಗ ಇಲ್ಲದಾಗ, ಕೆಲಸದವರು ಆ ಸ್ವಿಚ್ ಮ್ಯಾಲೆ ಕೆಳಗ ಮಾಡಿ ಒಂದೊಂದ ಸೂಚನಾ ಕೈಲೆ ತುಂಬಬೇಕಿತ್ತು. ಭಾಳ ಸಲ ಮಾಡಿದವರಿಗೆ ಅದು ಬಾಯಿಪಾಠ. ಮುಂದ ಅಳಿಸಲಾಗದ ಚಿಪ್ಪಿನ್ಯಾಗ ಆ ಮೊದಲ ಸೂಚನಾ ಬರದಿಡೋ ಪದ್ಧತಿ ಬಂತು. ಸಣ್ಣ ಕಂಪ್ಯೂಟರ್‌ಗೋಳ ಕಾಲಕ್ಕ ಗ್ಯಾರಿ ಕಿಲ್ಡಾಲ್ ಅನ್ನೋರು ತಮ್ಮ ಸಿಪಿ/ಎಂ ಒಳಗ ಯಂತ್ರದ ಜೋಡಿ ಮಾತಾಡೋ ಭಾಗಕ್ಕ "ಬಯಾಸ್" ಅಂತ ಹೆಸರಿಟ್ರು. ಇವತ್ತಿಗೂ ರಿಪೇರಿ ಅಂಗಡಿಯೊಳಗ "ಬಯಾಸ್‌ಗೆ ಹೋಗ್ರಿ" ಅನ್ನತಾರಲ್ಲ, ಆ ಮಾತು ಅಲ್ಲಿಂದು.

1981ರ ಆಗಸ್ಟಿನ್ಯಾಗ ಐಬಿಎಂ ಪಿಸಿ ಬಂತು. ಅದರ ಜೋಡಿ ಹಾರ್ಡ್ ಡಿಸ್ಕ್ ಕೊಡತಿರಲಿಲ್ಲ, ಫ್ಲಾಪಿ ಮ್ಯಾಲೆ ನಡೀತಿತ್ತು. 1983ರ ಮಾರ್ಚಿನ್ಯಾಗ ಪಿಸಿ ಎಕ್ಸ್‌ಟಿ ಬಂತು, 10 ಎಂಬಿ ಹಾರ್ಡ್ ಡಿಸ್ಕಿನ ಜೋಡಿ. ಹತ್ತು ಎಂಬಿ! ಈಗಿನ ಫೋನಿನ್ಯಾಗ ಮೊಮ್ಮಗನ ಮೂರು ಫೋಟೋ ತಗದ್ರ ತುಂಬಿಹೋತು. ಆವಾಗ ಅದನ್ನ ಭಾಗ ಮಾಡಿ ಬ್ಯಾರೆ ಬ್ಯಾರೆ ಪದ್ಧತಿಗೆ ಕೊಡಬೇಕು ಅಂತ ವಿಚಾರ ಮಾಡಿದ್ರು. ಅದೇ ಹೊತ್ತಿಗೆ ಬಂದ ಡಾಸ್ 2.0 ಡಿಸ್ಕಿನ ಮೊಟ್ಟಮೊದಲ ಜಾಗಾದಾಗ ಒಂದು ಚೀಟಿ ಬರದಿಡೋ ರೂಢಿ ತಂತು. ಅದರ ಹೆಸರು ಎಂಬಿಆರ್.

ಆ ಚೀಟಿ ಬರೇ 512 ಬೈಟ್. ನಾನು ಈಗ ಬರದ ನಾಕ ಸಾಲಿಗಿಂತ ಸಣ್ಣದು. ಅದರೊಳಗ 446 ಬೈಟ್ ಏಳಿಸೋ ಪ್ರೋಗ್ರಾಮಿಗೆ, 64 ಬೈಟ್ ಭಾಗದ ಪಟ್ಟಿಗೆ, ಕೊನಿಗೆ 2 ಬೈಟ್ ಸಹಿ. ಬಯಾಸ್ ಆ ಚೀಟಿ ಒಳಗ ತಗೋತದ, ಸಹಿ ಸರಿ ಇದ್ರ ಅದರ ಕೈಗೆ ಕೆಲಸ ಕೊಡತದ. ಪಟ್ಟಿಯೊಳಗ ಒಬ್ಬೊಬ್ಬರಿಗೆ 16 ಬೈಟಿನಂಗ ನಾಕೇ ಹೆಸರಿಗೆ ಜಾಗಾ.

ಇಲ್ಲಿ ನೋಡ್ರಿ, ನಮ್ಮ ತೊಂದರೆ ಹುಟ್ಟಿದ ಜಾಗಾ ಇದು. ಆ ಚೀಟಿ ಫೈಲ್ ಅಲ್ಲ. ಯಾವ ಫೋಲ್ಡರಿನ್ಯಾಗೂ ಕಾಣಿಸೋದಿಲ್ಲ. ಇದ್ದಬದ್ದ ಫೈಲೆಲ್ಲಾ ಹೊಸ ಡಿಸ್ಕಿಗೆ ನಕಲು ಮಾಡಿದ್ರೂ ಚೀಟಿ ಬರೋದಿಲ್ಲ, ಮಶೀನ್ ಏಳೋದಿಲ್ಲ. ಅದರ ಸಲುವಾಗೇ ಡಿಸ್ಕನ್ನ ಇದ್ದದ್ದು ಇದ್ದಂಗ ಎತ್ತೋ ಪ್ರೋಗ್ರಾಂ ಹುಟ್ಟಿದ್ವು. ಅದರೊಳಗ ಹೆಸರಾದದ್ದು ನ್ಯೂಜಿಲೆಂಡಿನ ಮರ್ರೆ ಹಾಸ್ಜರ್ಡ್ 1995ರಾಗ ಮಾಡಿದ ಘೋಸ್ಟ್. 1998ರಾಗ ಅದನ್ನ ಸಿಮ್ಯಾಂಟೆಕ್ ಕಂಪನಿ ಕೊಂಡುಕೊಂಡಿತು.

ಮುಂದ ಡಿಸ್ಕ್ ದೊಡ್ಡವು ಆಗಕೋತ ಹೋದ್ವು. ಹಳೇ ಚೀಟಿಯೊಳಗ ಒಂದು ಭಾಗ ಎಲ್ಲಿ ಸುರು, ಎಷ್ಟು ಉದ್ದ ಅಂತ ಬರೀಲಿಕ್ಕೆ 32 ಬಿಟ್ ಅಷ್ಟ ಜಾಗಾ. 512 ಬೈಟಿನ ಚೂರಿನ ಲೆಕ್ಕದಾಗ ಅದು ಸುಮಾರು 2.2 ಲಕ್ಷ ಕೋಟಿ ಬೈಟಿಗೆ, ಅಂದ್ರ ಎರಡು ಟೆರಾಬೈಟಿಗೆ ನಿಂತುಬಿಡತದ. ಇಂಟೆಲ್ ಕಂಪನಿ ಇಟೇನಿಯಂ ಅನ್ನೋ ತನ್ನ ದೊಡ್ಡ ಯಂತ್ರದ ಚಿಪ್ಪಿನ ಸಲುವಾಗಿ 1990ರ ದಶಕದಾಗ ಬಯಾಸ್ ಬಿಟ್ಟು ಹೊಸ ಪದ್ಧತಿ ಕಟ್ಟಲಿಕ್ಕೆ ಹತ್ತಿತ್ತು. ಅದು ಇಎಫ್‌ಐ. 2005ರಾಗ ಬ್ಯಾರೆ ಕಂಪನಿಗೋಳೂ ಕೂಡಿ ಒಂದು ಒಕ್ಕೂಟ ಮಾಡಿ ಅದನ್ನ ಯುಇಎಫ್‌ಐ ಅಂದ್ರು. ಹಳೇ ಚೀಟಿ ಬದಲಿ ಜಿಪಿಟಿ ಅನ್ನೋ ದೊಡ್ಡ ಪಟ್ಟಿ ಬಂತು. ಮುಂದ ಒಂದು ಪ್ರತಿ, ಡಿಸ್ಕಿನ ಕೊನಿಗೆ ಇನ್ನೊಂದು ಪ್ರತಿ. ಶಾಣ್ಯಾತನ ನೋಡ್ರಿ, ಪಟ್ಟಿಗೂ ಬ್ಯಾಕಪ್!

ಏಳಿಸೋ ಪ್ರೋಗ್ರಾಂ ಈಗ ಚೀಟಿಯೊಳಗ ಇಲ್ಲ. ಅದರ ಸಲುವಾಗಿ ಒಂದು ಸಣ್ಣ ಬ್ಯಾರೆ ಭಾಗ ಇಡತಾರ, ಇಎಫ್‌ಐ ಪಾರ್ಟಿಶನ್ ಅಂತ. ನಾನು ಟಿಕ್ ಹಾಕದ ಬಿಟ್ಟ 100 ಎಂಬಿ ಚೂರು ಇದೇ. ಸಿ ಡ್ರೈವಿನ್ಯಾಗ ವಿಂಡೋಸ್ ಪೂರ್ತಿ ಇದ್ರೂ ಅದನ್ನ ಕರಿಯೋ ಫೈಲು ಇಲ್ಲಿ ಇರತದ.

ಇನ್ನೊಂದು ಗಂಟು ಅದ. ಜಿಪಿಟಿಯೊಳಗ ಒಂದೊಂದ ಭಾಗಕ್ಕೂ 128 ಬಿಟ್ ಉದ್ದದ ಗುರುತಿನ ಸಂಖ್ಯಾ ಕೊಡತಾರ. "ಈ ಗುರುತಿನ ಭಾಗದಾಗ ಈ ಫೈಲು ಹಚ್ಚು" ಅಂತ ಕಂಪ್ಯೂಟರಿನ ಮದರ್‌ಬೋರ್ಡ್ ನೆನಪಿಟ್ಟುಕೋತದ. ವಿಂಡೋಸೂ ಹಂಗ. ಎಕ್ಸ್‌ಪಿ ಕಾಲಕ್ಕ "ಮೊದಲನೇ ಡಿಸ್ಕು, ಮೊದಲನೇ ಭಾಗ" ಅಂತ ಎಣಿಸಿ ಬರಿತಿತ್ತು. 2007ರಾಗ ಮಂದಿ ಕೈಗೆ ಬಂದ ವಿಸ್ಟಾದಿಂದ ಮುಂದ ಬಿಸಿಡಿ ಅನ್ನೋ ದಫ್ತರ ಬಂತು, ಅದರಾಗ ಡಿಸ್ಕಿನ ಗುರುತು ಬರದಿರತದ. ಹೊಸ ಡಿಸ್ಕಿನ ಗುರುತು ಬ್ಯಾರೆ ಆದ್ರ, ಮನಿ ಬದಲಿಸಿದವರಿಗೆ ಹಳೇ ವಿಳಾಸಕ್ಕ ಬಂದ ಟಪಾಲಿನಂಗ, ಸುದ್ದಿ ಮುಟ್ಟೋದಿಲ್ಲ. ಸಾಮಾನು ಮನ್ಯಾಗ ಇದ್ದೇ ಇರತದ, ಕರಿಯೋರಿಗೆ ಮನಿ ಸಿಗೋದಿಲ್ಲ ಅಷ್ಟ.

ಈಗ ನಮ್ಮನಿ ಕಥಿ. ಬಾಜೂ ಮನಿ ವೈನಿಯವರ ಲ್ಯಾಪ್‌ಟಾಪಿನ್ಯಾಗ 8 ಜಿಬಿ ಪೆನ್‌ಡ್ರೈವಿಗೆ ವಿಂಡೋಸ್ ಹಾಕೋ ಸಾಮಾನು ಇಳಿಸಿಕೊಂಡ್ವಿ. ಅದರಿಂದ ಏಳಿಸಿ, ಶಿಫ್ಟ್ ಒತ್ತಿಹಿಡಿದು ಎಫ್10 ಒತ್ತಿದ್ರ ಕರೀ ಕಿಟಕಿ ಬರತದ. ಮಗಳು ವಿಡಿಯೋ ಕಾಲ್‌ನ್ಯಾಗ ಹೇಳಕೋತ ಹೋದ್ಲು, ನಾನು ಚಷ್ಮಾ ಹಾಕ್ಕೊಂಡು ಒಂದೊಂದ ಅಕ್ಷರ ಹೊಡೀತಾ ಹೋದೆ.

ಮೊದಲ ಅಕಿ ಏನೂ ದುರಸ್ತಿ ಮಾಡಿಸಲಿಲ್ಲ. "ಮೊದಲ ಹಾಡು ಅವ ಇಲ್ಲ ನೋಡೋಣು" ಅಂದ್ಲು. ಫೋಲ್ಡರಿನ ಪಟ್ಟಿ ತಗದ್ವಿ. ನಲವತ್ತೊಂದೂ ಫೈಲು ಸಾಲಾಗಿ ಬಂದ್ವು. ನನ್ನ ಕಣ್ಣಾಗ ನೀರ ಬಂತು. ನಮ್ಮನಿಯವರು ಸುಮ್ಮನ ನೀರಿನ ಗ್ಲಾಸ್ ತಂದು ಬಾಜೂಕ ಇಟ್ರು. ಅವನ್ನ ಮೊದಲ ಪೆನ್‌ಡ್ರೈವಿಗೆ ನಕಲು ಮಾಡಿದ್ವಿ. ಆಮ್ಯಾಲೆ ದುರಸ್ತಿ.

ಡಿಸ್ಕ್‌ಪಾರ್ಟ್ ಅನ್ನೋದನ್ನ ಹಚ್ಚಿ ಡಿಸ್ಕಿನ ಪಟ್ಟಿ ನೋಡಿದ್ವಿ. ಹೊಸ ಡಿಸ್ಕಿನ ಮುಂದ ಜಿಪಿಟಿ ಕಾಲಮಿನ್ಯಾಗ ನಕ್ಷತ್ರದ ಚುಕ್ಕಿ ಇತ್ತು, ಅಂದ್ರ ಪದ್ಧತಿ ಸರಿ ಅದ. ಹೊಸ ಡಿಸ್ಕ್ ದೊಡ್ಡದಿದ್ದದ್ದಕ್ಕ ಖಾಲಿ ಜಾಗಾನೂ ಉಳದಿತ್ತು. ಅದರೊಳಗ 260 ಎಂಬಿದೊಂದು ಇಎಫ್‌ಐ ಭಾಗ ಮಾಡಿ, ಫ್ಯಾಟ್32 ಅಂತ ಫಾರ್ಮ್ಯಾಟ್ ಮಾಡಿ, ಎಸ್ ಅಂತ ಅಕ್ಷರ ಕೊಟ್ವಿ. ಇಲ್ಲಿ ಒಂದು ಎಚ್ಚರ. ಪೆನ್‌ಡ್ರೈವಿನಿಂದ ಎದ್ದಾಗ ಡ್ರೈವಿನ ಅಕ್ಷರ ಅದಲು ಬದಲು ಆಗತಾವ. ನಮ್ಮ ಸಿ ಅಲ್ಲಿ ಡಿ ಅಂತ ಬಂದಿತ್ತು. ನೋಡಿಕೊಳ್ಳದ ಯಾವದನ್ನೂ ಫಾರ್ಮ್ಯಾಟ್ ಮಾಡಬ್ಯಾಡ್ರಿ.

ಕೊನಿಗೆ ಬಿಸಿಡಿಬೂಟ್ ಅನ್ನೋ ಆಜ್ಞಾ. ಅದಕ್ಕ ಮೂರ ಮಾತು ಹೇಳಬೇಕು: ವಿಂಡೋಸ್ ಫೋಲ್ಡರ್ ಎಲ್ಲದ, ಏಳಿಸೋ ಫೈಲು ಯಾವ ಭಾಗಕ್ಕ ಹಾಕಬೇಕು, ಪದ್ಧತಿ ಯುಇಎಫ್‌ಐ ಅಂತ. ಅದು ಹೊಸ ಗುರುತಿಂದ ದಫ್ತರ ಬರಿತದ. ಒಂದು ನಿಮಿಷನೂ ಹಿಡೀಲಿಲ್ಲ. ಪೆನ್‌ಡ್ರೈವ್ ತಗದು ಚಾಲೂ ಮಾಡಿದ್ವಿ. ಎದ್ದಿತು ನೋಡ್ರಿ.

ಎಲ್ಲಾರ ಮನ್ಯಾಗೂ ಇದೇ ಕಾರಣ ಇರಬೇಕಂತಿಲ್ಲ. ಹಳೇ ಎಂಬಿಆರ್ ಪದ್ಧತಿ ಡಿಸ್ಕು, ಬರೇ ಯುಇಎಫ್‌ಐ ನೋಡೋ ಮಶೀನು ಅಂದ್ರೂ ಏಳೋದಿಲ್ಲ. ನಕಲು ಮಾಡಿದ ಕೂಡಲೆ ಹಳೇದು ಹೊಸಾದು ಎರಡೂ ಡಿಸ್ಕು ಕೂಡೇ ಹಚ್ಚಿದ್ರ, ಎರಡಕ್ಕೂ ಒಂದೇ ಗುರುತಿರತದ, ವಿಂಡೋಸಿಗೆ ಗೊಂದಲ. ಮೊದಲನೇ ಸಲ ಹೊಸದೊಂದೇ ಹಚ್ಚಿ ಏಳಿಸ್ರಿ. ಅರ್ಧ ಎದ್ದು ನೀಲಿ ಪರದೆ ಬಂತು ಅಂದ್ರ ಹೆಪ್ಪು ಸರಿ ಅದ, ಹೊಸ ಥರದ ಡಿಸ್ಕು ಓದೋ ಡ್ರೈವರ್ ಸಿಗವಲ್ದು ಅಂತ ಮೊದಲ ಸಂಶಯ ಪಡಬೇಕು. ಯಾವದಕ್ಕೂ ಮೊದಲ ಮದ್ದು ಫಾರ್ಮ್ಯಾಟ್ ಅಲ್ಲ.

ತಪ್ಪು ಅಂಗಡಿ ಹುಡುಗಂದಷ್ಟ ಅಲ್ಲ, ನಂದೂ ಇತ್ತು. ಬ್ಯಾಕಪ್ ತಗೊಂಡೆ, ಒಮ್ಮೆನೂ ಇಳಿಸಿ ನೋಡಿರಲಿಲ್ಲ. ಉಪ್ಪಿನಕಾಯಿ ಹಾಕಿ ಭರಣಿ ಬಾಯಿ ಕಟ್ಟಿ, ವರ್ಷಗಟ್ಟಲೆ ತಗದು ನೋಡದಂಗ. ಈಗ ಡಿಸ್ಕಿನ ಬ್ಯಾಕಪ್ಪಿಗೆ ಎಲ್ಲಾ ಭಾಗಕ್ಕೂ ಟಿಕ್ ಹಾಕತೀನಿ. ಹಾಡು ಮಾತ್ರ ಬರೇ ಫೈಲಾಗಿ ಮೂರ ಕಡೆ ಇಟ್ಟೀನಿ. ಒಂದು ಪ್ರತಿ ಪುಣೆದಾಗ.

ಆ ರಾತ್ರಿ ಹನ್ನೆರಡು ಹೊಡದಿತ್ತು. ಮೊದಲನೇ ಹಾಡು ಹಚ್ಚಿದ್ವಿ. ಅತ್ತಿಯವರು ಕೆಮ್ಮಿ, "ಹಚ್ಚಿದ್ಯೇನು ಅದನ್ನ?" ಅಂತ ನನ್ನ ಕೇಳಿ, ಆಮ್ಯಾಲೆ ಹಾಡಲಿಕ್ಕೆ ಸುರು ಮಾಡತಾರ. ಫೋನಿನ ಆ ಕಡೆ ಮಗಳೂ ಕೇಳಕೋತ ಕೂತಿದ್ಲು. ನಮಗ ಯಾರಿಗೂ ಮಲಗೋ ಮನಸ್ಸು ಆಗಲಿಲ್ಲ.

ನಿಮ್ಮ ಮನ್ಯಾಗೂ ಹಿಂತಾ ದನಿ, ಫೋಟೋ ಇರತಾವ. ಇವತ್ತ ಸಂಜಿಗೆ ಒಮ್ಮೆ ತಗದು ನೋಡ್ರಿ, ಅವ ಇಲ್ಲೋ ಅಂತ.