ಮೈಯ ದನಿಯನ್ನು ಕೇಳುವ ಸುರುಳಿ

ದೂರದ ನಿಲಯವೊಂದನ್ನು ಹಿಡಿಯುವಾಗ ರೇಡಿಯೋದ ಏರಿಯಲ್ ತಂತಿಯನ್ನು ಮುಟ್ಟಿ ನೋಡಿದ್ದೀರಷ್ಟೆ? ದನಿ ಒಮ್ಮೆ ಏರುತ್ತದೆ, ಒಮ್ಮೆ ಅಡಗುತ್ತದೆ. ತಂತಿಯ ಬಳಿಗೆ ಬಂದ ನಮ್ಮ ಮೈಯೂ ಯಂತ್ರದ ಒಂದು ಭಾಗವಾಗಿಬಿಡುತ್ತದೆ. ಆಸ್ಪತ್ರೆಯ ಎಂ.ಆರ್.ಐ. ಯಂತ್ರವನ್ನು ಕಟ್ಟಿದವರನ್ನು ಬಹುಕಾಲ ಕಾಡಿದ್ದೂ ಇದೇ ಸಂಗತಿ.

ಕಥೆ ಮಹಾಯುದ್ಧದ ಬೆನ್ನಿಗೇ ಆರಂಭವಾಗುತ್ತದೆ. ರೇಡಾರ್ ಕೆಲಸದಲ್ಲಿ ಪಳಗಿದ ಎಡ್ವರ್ಡ್ ಪರ್ಸೆಲ್ಲರು ೧೯೪೫ರ ಡಿಸೆಂಬರಿನಲ್ಲಿ, ಅಮೆರಿಕದ ಹಾರ್ವರ್ಡಿನಲ್ಲಿ, ಸಂಗಡಿಗರೊಡನೆ ಪ್ಯಾರಾಫಿನ್ ಮೇಣವನ್ನು ಅಯಸ್ಕಾಂತದ ನಡುವೆ ಇಟ್ಟು ೩೦ ಮೆಗಾಹರ್ಟ್ಸಿನ ರೇಡಿಯೋ ಅಲೆಯನ್ನು ಹಾಯಿಸಿದರು. ಮೇಣದೊಳಗಿನ ಹೈಡ್ರೊಜನ್ ಬೀಜಗಳು ಓಗೊಟ್ಟವು. ಕೆಲವೇ ವಾರಗಳಲ್ಲಿ ಸ್ಟ್ಯಾನ್‌ಫರ್ಡಿನ ಫೆಲಿಕ್ಸ್ ಬ್ಲಾಕರು ನೀರಿನಿಂದ ಅದೇ ಉತ್ತರವನ್ನು ಪಡೆದರು. ಅವರದು ಎರಡು ಸುರುಳಿ: ಒಂದು ಕೂಗುವುದಕ್ಕೆ, ಅದಕ್ಕೆ ಅಡ್ಡವಾಗಿ ನಿಂತ ಇನ್ನೊಂದು ಕೇಳುವುದಕ್ಕೆ. ಅಯಸ್ಕಾಂತವೆಂದರೆ ಕಬ್ಬಿಣಕ್ಕೆ ಪ್ರಿಯವಾದುದು ಎಂದು ನಾವು ಪಾಠ ಹೇಳುವುದುಂಟು. ಇಲ್ಲಿ ಅದಕ್ಕೆ ಓಗೊಟ್ಟದ್ದು ನೀರು! ಇಬ್ಬರಿಗೂ ೧೯೫೨ರಲ್ಲಿ ನೊಬೆಲ್ ಬಹುಮಾನ ಬಂದಿತು.

೧೯೭೩ರಲ್ಲಿ ಪಾಲ್ ಲಾಟರ್‌ಬರ್ ಈ ಉತ್ತರದಿಂದ ಚಿತ್ರ ಬಿಡಿಸುವ ದಾರಿ ತೋರಿದರು. ಆಗ ಸುರುಳಿಯೊಳಗಿದ್ದುದು ನೀರಿನ ಎರಡು ಸಣ್ಣ ಕೊಳವೆ. ಮನುಷ್ಯನೇ ಒಳಗೆ ಮಲಗಬೇಕಾದಾಗ ತೊಡಕು ಮೊದಲಾಯಿತು. ೧.೫ ಟೆಸ್ಲಾ ಬಲದ ಅಯಸ್ಕಾಂತಕ್ಕೆ ಸುಮಾರು ೬೪ ಮೆಗಾಹರ್ಟ್ಸಿನ ಅಲೆ ಬೇಕು. ಗಾಳಿಯಲ್ಲಿ ಅದರ ಉದ್ದ ೪.೭ ಮೀಟರು; ನೀರು ತುಂಬಿದ ಮಾಂಸದೊಳಗೆ ಅದು ಕುಗ್ಗಿ ಅರ್ಧ ಮೀಟರಿನ ಆಸುಪಾಸಿಗೆ ಬರುತ್ತದೆ. ೧೯೮೫ರಲ್ಲಿ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಸೆಸಿಲ್ ಹೇಯ್ಸ್ ಮತ್ತು ಸಂಗಡಿಗರು ಹಕ್ಕಿಯ ಪಂಜರದಂಥ ಸುರುಳಿಯನ್ನು ಪ್ರಕಟಿಸಿದರು: ಎರಡು ಬಳೆಗಳು, ನಡುವೆ ನೇರ ಸರಳುಗಳು, ಅಲ್ಲಲ್ಲಿ ಕಂಡೆನ್ಸರುಗಳು. ಒಳಗೆಲ್ಲ ಅಲೆ ಸಮನಾಗಿ ಹರಡುತ್ತಿತ್ತು. ರೇಡಿಯೋ ರಿಪೇರಿಯವರು ಬಲ್ಲ ಲೆಕ್ಕವೇ ಬಹುಮಟ್ಟಿಗೆ ಸಾಕಾಗಿತ್ತು.

೩ ಟೆಸ್ಲಾ ಬಂದಾಗ ಸಾಲದಾಯಿತು. ಮಾಂಸದೊಳಗಿನ ಅಲೆಯ ಉದ್ದ ಕಾಲು ಮೀಟರಿಗೆ ಸಮೀಪಿಸಿ, ಹೊಟ್ಟೆಯ ಚಿತ್ರಗಳಲ್ಲಿ ಕಾರಣವಿಲ್ಲದ ನೆರಳುಗಳು ಮೂಡಿದವು. ನೆರಳಾದರೂ ಕಣ್ಣಿಗೆ ಕಂಡೀತು, ಬಿಸಿ ಕಾಣದು. ಅಲೆಯ ಶಕ್ತಿ ಮೈಯೊಳಗೆ ಬಿಸಿಯಾಗಿ ಇಳಿಯುತ್ತದೆ. ಸಾಮಾನ್ಯ ಪರೀಕ್ಷೆಯಲ್ಲಿ ಇಡೀ ದೇಹಕ್ಕೆ ಸರಾಸರಿ ಕಿಲೋಗ್ರಾಮಿಗೆ ೨ ವ್ಯಾಟ್ ಎಂಬುದು ಮಿತಿ. ಆದರೆ ಸರಾಸರಿಯೆಂಬುದು ಮೋಸದ ಮಾತು. ಒಂದು ಮೂಲೆಯಲ್ಲಿ ಅದು ಹಲವು ಪಟ್ಟು ಇರಬಹುದು. ಬದುಕಿರುವ ರೋಗಿಯ ಒಳಗೆಲ್ಲ ಉಷ್ಣಮಾಪಕ ಇಡಲಾದೀತೆ?

ಲೆಕ್ಕವೊಂದೇ ದಾರಿ. ಅದನ್ನು ಕೇನ್ ಯೀ ಎಂಬ ಗಣಿತಜ್ಞರು ೧೯೬೬ರಲ್ಲೇ ಬರೆದಿಟ್ಟಿದ್ದರು. ಜಾಗವನ್ನೆಲ್ಲ ಪುಟ್ಟ ಪುಟ್ಟ ಪೆಟ್ಟಿಗೆಗಳಾಗಿ ಕಡಿದು, ಅಂಚುಗಳಲ್ಲಿ ವಿದ್ಯುತ್ತನ್ನೂ ಮುಖಗಳಲ್ಲಿ ಕಾಂತವನ್ನೂ ಇರಿಸಿ, ಮ್ಯಾಕ್ಸ್‌ವೆಲ್ಲರ ಸಮೀಕರಣಗಳಂತೆ ಕ್ಷಣಕ್ಷಣಕ್ಕೆ ಒಂದರಿಂದ ಇನ್ನೊಂದನ್ನು ಎಣಿಸುತ್ತ ಹೋಗುವ ಕ್ರಮ ಅದು. ಇಷ್ಟು ಎಣಿಕೆಯನ್ನು ಹೊರುವ ಗಣಕಯಂತ್ರಗಳು ಬರುವವರೆಗೆ ಅದು ಕಾದಿರಬೇಕಾಯಿತು.

ಪೆಟ್ಟಿಗೆಗಳಲ್ಲಿ ತುಂಬಲು ದೇಹ ಬೇಕಲ್ಲ! ೨೦೧೦ರಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸು, ೧೧ರ ಹುಡುಗಿ, ೬ರ ಹುಡುಗ—ಈ ನಾಲ್ವರ ಲೆಕ್ಕದ ದೇಹಗಳು ಪ್ರಕಟವಾದವು. ನಿಜವಾದ ನಾಲ್ವರನ್ನು ಎಂ.ಆರ್.ಐ. ಸುರುಳಿಯೊಳಗೆ ಮಲಗಿಸಿ ತೆಗೆದ ಚಿತ್ರಗಳಿಂದಲೇ ಅವನ್ನು ಕಡೆದದ್ದು. ಈಗ ಹೊಸ ಸುರುಳಿಯೊಳಗೆ ರೋಗಿಗಿಂತ ಮೊದಲು ಮಲಗುವವರು ಇಂಥವರೇ.