ಸೋತ ಪಂದ್ಯದ ಗೋಲು

ಇಟಲಿಯ ಕಾಲ್ಚೆಂಡಾಟದಲ್ಲಿ ‘ಕಾಪೊಕನ್ನೊನಿಯೆರೆ’ ಎಂಬುದೊಂದು ಬಿರುದುಂಟು. ಫಿರಂಗಿ ಹೊಡೆಯುವವರ ಮುಖಂಡನೆಂದು ಅದರ ಅರ್ಥ. ಅಲ್ಲಿನ ಮೊದಲ ದರ್ಜೆಯ ಲೀಗಿನಲ್ಲಿ ಒಂದು ಹಂಗಾಮಿನಲ್ಲಿ ಎಲ್ಲರಿಗಿಂತ ಹೆಚ್ಚು ಗೋಲು ಹೊಡೆದ ಆಟಗಾರನಿಗೆ ಅದು ಸಲ್ಲುತ್ತದೆ. ಸ್ವೀಡನ್ನಿನಿಂದ ಮಿಲಾನಿಗೆ ಬಂದ ಗುನ್ನಾರ್ ನೋರ್ಡಾಲ್ 1950ರಿಂದ 1955ರೊಳಗೆ ಐದು ಸಲ ಅದನ್ನು ಪಡೆದರು. ಆದರೆ ನನಗೆ ಹೆಚ್ಚು ಪ್ರಿಯವಾದ ಹೆಸರು ಬಾರಿ ಪಟ್ಟಣದ ತಂಡದ ಇಗೋರ್ ಪ್ರೋತ್ತಿಯವರದು. 1995-96ರಲ್ಲಿ ಅವರು 24 ಗೋಲು ಹೊಡೆದು, ಲಾಝಿಯೊ ತಂಡದ ಸಿನ್ಯೋರಿಯವರೊಡನೆ ಬಿರುದನ್ನು ಹಂಚಿಕೊಂಡರು. ಅದೇ ವರ್ಷ ಬಾರಿ ತಂಡ ಕೆಳಗಿನ ದರ್ಜೆಗೆ ಇಳಿಯಿತು. ತಂಡ ಮುಳುಗಿತು, ಗೋಲಿನ ಲೆಕ್ಕ ಮುಳುಗಲಿಲ್ಲ.

ನಮ್ಮ ಬೆಂಗಳೂರಿಗೂ ಇಂಥದೊಂದು ಖಾತೆಯಿದ್ದಿದ್ದರೆ ಅದರ ಮೊದಲ ಪುಟದಲ್ಲಿ ಯಾರ ಹೆಸರಿರಬೇಕಿತ್ತು?

ನಾನು ಸಾರಂಗಪಾಣಿ ರಾಮನ್ ಎಂದು ಬರೆಯುವೆ. ಸಂತೋಷ್ ಟ್ರೋಫಿಯನ್ನು ಮೈಸೂರು ತಂಡ ಮೊದಲು ಗೆದ್ದದ್ದು 1946-47ರಲ್ಲಿ. ಅದಾದ ಸ್ವಲ್ಪ ಕಾಲಕ್ಕೇ ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ತಂಡದಲ್ಲಿ ಬೆಂಗಳೂರಿನ ರಾಮನ್ ಇದ್ದರು. 1948ರ ಜುಲೈ 31ರಂದು ಲಂಡನ್ನಿನ ಬಳಿಯ ಇಲ್‌ಫರ್ಡಿನಲ್ಲಿ ಎದುರಾಳಿ ಫ್ರಾನ್ಸ್. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನವರು. ದೊರೆತ ಎರಡು ಪೆನಾಲ್ಟಿಗಳೂ ವ್ಯರ್ಥವಾದವು. ಫ್ರಾನ್ಸ್ ಒಂದು ಗೋಲಿನಿಂದ ಮುಂದಿದ್ದಾಗ ರಾಮನ್ ಅದನ್ನು ಸರಿದೂಗಿಸಿದರು. ಇನ್ನೇನು ಆಟ ಮುಗಿಯಬೇಕೆನ್ನುವಾಗ ಫ್ರಾನ್ಸ್ ಮತ್ತೊಂದು ಹೊಡೆಯಿತು. ಆ ಒಲಿಂಪಿಕ್ಸಿನಲ್ಲಿ ಭಾರತದ ಪಾಲಿಗೆ ಬಂದದ್ದು ರಾಮನ್ ಅವರ ಒಂದೇ ಗೋಲು.

ನಾಲ್ಕು ವರ್ಷಗಳ ಮೇಲೆ ಹೆಲ್ಸಿಂಕಿ. ಯುಗೊಸ್ಲಾವಿಯ ನಮಗೆ ಹತ್ತು ಗೋಲು ಹೊಡೆಯಿತು. ನಾವು ಹೊಡೆದದ್ದು ಒಂದು. ಆ ಒಂದನ್ನು ಹೊಡೆದವರೂ ಬೆಂಗಳೂರಿನವರೇ, ಅಹ್ಮದ್ ಖಾನ್. ಎರಡು ಒಲಿಂಪಿಕ್ಸು, ಎರಡು ಸೋಲು, ಎರಡು ಗೋಲು. ಎರಡೂ ನಮ್ಮ ಊರಿನ ಕಾಲುಗಳಿಂದ. ಹತ್ತರ ಎದುರಿನ ಒಂದನ್ನು ಜನ ನಗೆಯಾಡಿ ಮರೆಯುವುದು ಸುಲಭ. ಅದೇ ಯುಗೊಸ್ಲಾವಿಯ ಆ ಸಲ ಬೆಳ್ಳಿಯ ಪದಕ ಗೆದ್ದಿತೆಂಬುದನ್ನು ನೆನೆದರೆ ನಗೆ ಸ್ವಲ್ಪ ತಗ್ಗೀತು.

ಅಹ್ಮದ್ ಖಾನರು ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸೇರಿ, ಅಲ್ಲಿ ‘ಪಂಚ ಪಾಂಡವರು’ ಎನಿಸಿದ ಐವರು ಮುಂಚೂಣಿಯ ಆಟಗಾರರಲ್ಲಿ ಒಬ್ಬರಾದರು. ನಾನಿರುವ ಆರ್.ಟಿ. ನಗರ ರವೀಂದ್ರನಾಥ ಠಾಕೂರರ ಹೆಸರಿನ ಬಡಾವಣೆ. ಬಂಗಾಳದ ಕವಿಯನ್ನು ನಾವು ತಂದುಕೊಂಡೆವು, ನಮ್ಮ ಆಟಗಾರನನ್ನು ಅವರಿಗೆ ಕೊಟ್ಟೆವು, ಲೆಕ್ಕ ಸರಿಹೋಯಿತೆನ್ನಬಹುದು. ಖಾನರು 2017ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು.

ಬಿರುದಿನಂಥದ್ದೇನಾದರೂ ಭಾರತಕ್ಕೆ ಒದಗಿದ್ದು 1956ರಲ್ಲಿ, ಮೆಲ್ಬರ್ನಿನಲ್ಲಿ. ಮುಂಬಯಿಯ ನೆವಿಲ್ ಡಿಸೋಜಾ 4 ಗೋಲು ಹೊಡೆದು, ಆ ಒಲಿಂಪಿಕ್ಸಿನಲ್ಲಿ ಅತಿ ಹೆಚ್ಚು ಗೋಲು ಗಳಿಸಿದವರ ಸಾಲಿಗೆ ಸೇರಿದರು.

ಬೆಂಗಳೂರಿನ ತಂಡದ ಆಟಗಾರರೊಬ್ಬರು ದೇಶದ ಲೀಗಿನ ಪಟ್ಟಿಯ ತುದಿಗೇರಲು ಬಹುಕಾಲ ಹಿಡಿಯಿತು. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಮೊದಲ ಹಂಗಾಮಿನಲ್ಲೇ ಐ-ಲೀಗ್ ಗೆದ್ದಾಗ, ಸುನೀಲ್ ಚೆಟ್ರಿ 14 ಗೋಲುಗಳೊಡನೆ ಇಬ್ಬರು ವಿದೇಶೀಯರ ಜೊತೆ ಅಗ್ರಸ್ಥಾನ ಹಂಚಿಕೊಂಡರು. ಮುಂದೆ ಬಂದ ಇಂಡಿಯನ್ ಸೂಪರ್ ಲೀಗಿನಲ್ಲಿ, 2014ರಿಂದ 2025ರವರೆಗೆ, ಅತಿ ಹೆಚ್ಚು ಗೋಲು ಹೊಡೆದವರಿಗೆ ಸಲ್ಲುವ ಸ್ವರ್ಣ ಪಾದರಕ್ಷೆ ಒಬ್ಬ ಭಾರತೀಯನಿಗೂ ದಕ್ಕಲಿಲ್ಲ. ನಲವತ್ತರ ವಯಸ್ಸಿನಲ್ಲಿ, 2024-25ರಲ್ಲಿ, ಚೆಟ್ರಿಯವರು ಮತ್ತೆ 14 ಗೋಲು ಹೊಡೆದು ಭಾರತೀಯರಲ್ಲಿ ಮೊದಲಿಗರಾದರು. ಬಿರುದು 23 ಗೋಲು ಹೊಡೆದ ಮೊರಾಕೋದ ಅಜಾರೈಯವರಿಗೆ ಹೋಯಿತು.

ನಮ್ಮ ಬಡಾವಣೆಯ ಬಯಲಿನಲ್ಲಿ ಸಂಜೆ ಆಡುವ ಹುಡುಗರ ಬೆನ್ನ ಮೇಲೆ ಚೆಟ್ರಿಯವರ 11ರ ಅಂಕಿ ಇರುತ್ತದೆ. ದೇಶಕ್ಕಾಗಿ ಅವರು ಹೊಡೆದ 95 ಗೋಲುಗಳ ಲೆಕ್ಕ ಆ ಹುಡುಗರಿಗೆ ಬಾಯಿಪಾಠ. ರಾಮನ್ ಅವರ ಒಂದು ಗೋಲಿನ ಮಾತೆತ್ತಿದರೆ, “ಆ ಮ್ಯಾಚ್ ಗೆದ್ರಾ ಸಾರ್?” ಎಂದು ಮೊದಲು ಕೇಳುತ್ತಾರೆ. ಇಲ್ಲವೆಂದು ಹೇಳಿ, ಎರಡು ಪೆನಾಲ್ಟಿಗಳ ಕಥೆಯಿಂದ ನಾನು ಆರಂಭಿಸುತ್ತೇನೆ.