ಜಲಕುಂಭಿ ಎಂದರೆ ಯಾವ ಗಿಡ?

ಓಖ್ಲಾ ಪಕ್ಷಿಧಾಮದ ಬಳಿ ಯಮುನೆಯ ಮೇಲೆ ಹಾಸಿಕೊಂಡ ನೇರಳೆ ಹೂವಿನ ಗಿಡವನ್ನು ದೆಹಲಿಯವರು ಜಲಕುಂಭಿ ಎನ್ನುತ್ತಾರೆ. ಅದನ್ನೇ ಬೆಂಗಳೂರಿನ ಕೆರೆಗಳಲ್ಲಿ ಕಂಡಿದ್ದ ನಾವು ಅಂತರಗಂಗೆ ಎನ್ನುತ್ತೇವೆ. ಹೆಸರುಗಳೆರಡೂ ಹಳೆಯವು, ಗಿಡ ಮಾತ್ರ ಹೊಸದು.

ಅಮರಕೋಶದ ವಾರಿವರ್ಗದಲ್ಲಿ ವಾರಿಪರ್ಣಿಗೆ ಕುಂಭಿಕಾ ಎಂಬ ಪರ್ಯಾಯವಿದೆ. ವಿದ್ವಾಂಸರು ಅದನ್ನು ಪಿಸ್ಟಿಯಾ ಎಂದು ಗುರುತಿಸುತ್ತಾರೆ. ನಮ್ಮ ಮೂಲ ಅಂತರಗಂಗೆಯೂ ಅದೇ: ಎಲೆಕೋಸಿನಂತೆ ಅರಳಿದ, ಮಖಮಲ್ಲಿನಂಥ ಗೆರೆಗೆರೆಯ ಎಲೆಗಳು, ಅವುಗಳ ನಡುವೆ ಹುಡುಕಿದರಷ್ಟೇ ಕಾಣುವ ಪುಟ್ಟ ಹೂವು. ನೇರಳೆ ತೆನೆಯಾಗಿ ಅರಳಿ, ಮೇಲಿನ ದಳದಲ್ಲಿ ಹಳದಿ ಬೊಟ್ಟಿಟ್ಟುಕೊಂಡದ್ದು ಅಮೆಜಾನ್ ಸೀಮೆಯಿಂದ ಬಂದ ವಾಟರ್ ಹಯಸಿಂತ್. ಗಾಳಿ ತುಂಬಿ ಊದಿಕೊಂಡ ಅದರ ತೊಟ್ಟು ನಿಜವಾಗಿಯೂ ಕುಂಭದಂತಿದೆ! ಹಳೆಯ ಹೆಸರು ಹೊಸ ಗಿಡಕ್ಕೆ ಅಷ್ಟು ಸಲೀಸಾಗಿ ದಾಟಿದ್ದು ಇದರಿಂದಲೇ ಇರಬೇಕೆಂದು ನಮ್ಮ ಊಹೆ. ನೆಲಕ್ಕೆ ಬೇರೂರದೆ ತೇಲುವ ಗುಣ ಎರಡಕ್ಕೂ ಇರುವುದರಿಂದ ಅಂತರಗಂಗೆ ಎಂಬ ಹೆಸರೂ ತಕರಾರಿಲ್ಲದೆ ಹೊಂದಿಕೊಂಡಿತು.

ಶಾಸ್ತ್ರೀಯ ನಾಮದ ಕಥೆಯೂ ಸ್ವಾರಸ್ಯಕರವೇ. ಜರ್ಮನಿಯ ಕುಂತ್, ಪ್ರಷ್ಯದ ಮಂತ್ರಿ ಐಕ್‌ಹಾರ್ನ್ ಗೌರವಾರ್ಥವಾಗಿ ಇದರ ಕುಲಕ್ಕೆ ಐಕಾರ್ನಿಯಾ ಎಂದು ಹೆಸರಿಟ್ಟರು. ಈಚೆಗೆ ಸಸ್ಯಶಾಸ್ತ್ರಜ್ಞರು ಅದನ್ನು ಪಾಂಟೆಡೀರಿಯಾ ಕುಲಕ್ಕೆ ಮರಳಿಸಿದ್ದಾರೆ; ಮಂತ್ರಿಗಳು ಪದವಿ ಕಳೆದುಕೊಂಡರು. ಇತ್ತ ಬಂಗಾಳದ ಜನ ಮೊದಲ ಮಹಾಯುದ್ಧದ ಕಾಲದ ಸಂಶಯದಲ್ಲಿ ಇದನ್ನು ‘ಜರ್ಮನ್ ಪಾನಾ’ ಎಂದೇ ಕರೆದರು. ಭತ್ತದ ಗದ್ದೆ, ದೋಣಿದಾರಿಗಳನ್ನೆಲ್ಲ ಅದು ಮುಚ್ಚಿದಾಗ 1921ರಲ್ಲಿ ಜಗದೀಶ್ ಚಂದ್ರ ಬೋಸರ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ಏರ್ಪಟ್ಟಿತು. 1936ರಲ್ಲಿ ಕಾಯಿದೆಯೂ ಬಂತು. ಕಾಯಿದೆಗೆ ಗಿಡ ಮಣಿಯಲಿಲ್ಲ. 1980ರ ದಶಕದಲ್ಲಿ ಬೆಂಗಳೂರಿನ ಕೆಲವು ಕೆರೆಗಳಲ್ಲಿ ಅದನ್ನು ಹತ್ತಿಕ್ಕಿದ್ದು ಅದರ ತವರಿನದೇ ಮೂಲದ ನಿಯೊಕೆಟಿನಾ ಎಂಬ ಪುಟ್ಟ ಸೊಂಡಿಲು ಕೀಟ.

ಹೆಸರಿನ ಈ ಗೊಂದಲ ಬರಿಯ ಪಾಂಡಿತ್ಯದ ಮಾತಲ್ಲ. ಆಯುರ್ವೇದದ ಗ್ರಂಥಗಳಲ್ಲಿ ಕುಂಭಿಕೆ ಔಷಧಿ. ಆ ಹೆಸರನ್ನು ನಂಬಿ ಇಂದು ಯಮುನೆಗಿಳಿದವರ ಕೈಗೆ ಸಿಗುವುದು ಪರದೇಶದ ಕಳೆ. ಈ ಗಿಡ ಭಾರತಕ್ಕೆ ಬಂದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ. ಅದಕ್ಕಿಂತ ಹಿಂದಿನ ಯಾವ ಗ್ರಂಥದಲ್ಲಿ ಕುಂಭಿಕೆಯೋ ಅಂತರಗಂಗೆಯೋ ಎದುರಾದರೂ ಅಲ್ಲಿ ನೇರಳೆ ಹೂವನ್ನು ಕಲ್ಪಿಸಿಕೊಳ್ಳುವಂತಿಲ್ಲ.